ಕ್ಯಾಸೆಟ್ಟಿನ ಇನ್ನೊಂದು ಮಗ್ಗುಲು

ತತ್ವಶಾಸ್ತ್ರದ ಪದವಿಯಿಂದ ಹೊಟ್ಟೆ ತುಂಬುವುದಿಲ್ಲ ಅನ್ನಿಸಿ ಕಾನೂನು ಓದಲು ಬಂದವರು ಬ್ರಯಾನ್ ಸ್ಟೀವನ್‌ಸನ್. ಹಾರ್ವರ್ಡ್‌ಗೆ ಸೇರಿದ ಮೇಲೂ ಅವರಿಗೆ ದಾರಿ ಕಾಣಲಿಲ್ಲ. 1983ರಲ್ಲಿ ತಿಂಗಳ ಮಟ್ಟಿನ ತರಬೇತಿಗೆ ಅಟ್ಲಾಂಟಾಕ್ಕೆ ಹೋದರು. ಮರಣದಂಡನೆಗೆ ಗುರಿಯಾದವರ ಪರ ನಿಲ್ಲುವ ಅಲ್ಲಿನ ಕಚೇರಿ ಈ ವಿದ್ಯಾರ್ಥಿಯನ್ನು ಜೈಲಿಗೆ ಅಟ್ಟಿತು, ಕೈದಿಯೊಬ್ಬನಿಗೆ ಒಂದೇ ಮಾತು ಮುಟ್ಟಿಸಲು: ಇನ್ನೊಂದು ವರ್ಷ ನಿನ್ನ ಜೀವಕ್ಕೆ ಭಯವಿಲ್ಲ.

ವಕೀಲರೇ ಬಂದಿಲ್ಲವೆಂದು ಆತ ಸಿಡುಕಬಹುದು ಎಂದುಕೊಂಡಿದ್ದರು. ಆತ ಸ್ಟೀವನ್‌ಸನ್ನರ ಕೈಯನ್ನೇ ಹಿಡಿದುಕೊಂಡ. ಎಲ್ಲಿ ದಿನಾಂಕ ಗೊತ್ತಾಗಿಬಿಡುವುದೋ ಎಂಬ ಅಂಜಿಕೆಯಿಂದ ಹೆಂಡತಿ ಮಕ್ಕಳನ್ನೂ ಬರಗೊಟ್ಟಿರಲಿಲ್ಲವಂತೆ, ಇನ್ನು ನೋಡಬಹುದಲ್ಲ! ಒಂದು ತಾಸಿನ ಭೇಟಿ ಮೂರು ತಾಸಾಯಿತು. ನನಗನ್ನಿಸುವಂತೆ, ಸ್ಟೀವನ್‌ಸನ್ ವಕೀಲರಾದದ್ದು ಆ ಕೋಣೆಯಲ್ಲೇ. ಪದವಿ ಬಂದದ್ದು ಆಮೇಲೆ, 1985ರಲ್ಲಿ.

ಹೆಸರು ತಂದ ಮೊಕದ್ದಮೆ ವಾಲ್ಟರ್ ಮೆಕ್‌ಮಿಲಿಯನ್ ಅವರದು. ಊರು ಅಲಬಾಮಾದ ಮನ್ರೋವಿಲ್, ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬರೆದ ಹಾರ್ಪರ್ ಲೀ ಹುಟ್ಟಿದ ಊರು. ಕಾದಂಬರಿಯ ವಕೀಲನ ಬಗ್ಗೆ ಹೆಮ್ಮೆಪಡುವ ಆ ಊರಲ್ಲೇ ಮೆಕ್‌ಮಿಲಿಯನ್ ಮೇಲೆ ಬಿಳಿಯ ಯುವತಿಯ ಕೊಲೆ ಆರೋಪ ಬಿತ್ತು. ಕೊಲೆಯ ಹೊತ್ತಿಗೆ ಆತ ಮನೆಯಲ್ಲೇ ಇದ್ದರು; ಚರ್ಚಿನ ಸಲುವಾಗಿ ಅಲ್ಲಿ ಮೀನು ಕರಿದು ಮಾರುತ್ತಿದ್ದರು. ಕಂಡವರು ಹತ್ತಾರು ಮಂದಿ, ಬಹುತೇಕ ಕರಿಯರು. ವಿಚಾರಣೆಗೂ ಮೊದಲೇ ಅವರನ್ನು ಮರಣದಂಡನೆಯ ಕೈದಿಗಳ ಸಾಲಿಗೆ ತಳ್ಳಿದರು. ವಿಚಾರಣೆ ಒಂದೂವರೆ ದಿನದಲ್ಲಿ ಮುಗಿಯಿತು. ಜ್ಯೂರಿ ಜೀವಾವಧಿ ಸಾಕು ಎಂದರೆ, ನ್ಯಾಯಾಧೀಶರು ಅದನ್ನು ತಳ್ಳಿ ಸಾವನ್ನೇ ಬರೆದರು.

ಸಿನಿಮಾಗಳಲ್ಲಿ ವಕೀಲ ಗೆಲ್ಲುವುದು ಭಾಷಣದಿಂದ. ಇಲ್ಲಿ ಆದದ್ದು ಬೇರೆ. ಮುಖ್ಯ ಸಾಕ್ಷಿಯ ಹೇಳಿಕೆಯ ಕ್ಯಾಸೆಟ್ ಸ್ಟೀವನ್‌ಸನ್ನರ ಕೈಗೆ ಬಂತು. ಪೂರ್ತಿ ಕೇಳಿ, ಸುಮ್ಮನೆ ಇನ್ನೊಂದು ಮಗ್ಗುಲಿಗೂ ತಿರುಗಿಸಿ ಹಾಕಿದರು. ಗೊತ್ತೇ ಇಲ್ಲದವನನ್ನು ಸಿಕ್ಕಿಸಲು ನನ್ನನ್ನು ಒತ್ತಾಯಿಸುತ್ತಿದ್ದೀರಿ ಎಂದು ಅದೇ ಸಾಕ್ಷಿ ಪೊಲೀಸರ ಮುಂದೆ ಗೋಳಾಡುತ್ತಿದ್ದ! ವಿಚಾರಣೆಯಲ್ಲಿ ಇದು ಯಾರ ಕಿವಿಗೂ ಬಿದ್ದಿರಲಿಲ್ಲ.

1993ರ ಮಾರ್ಚ್‌ನಲ್ಲಿ ಮೆಕ್‌ಮಿಲಿಯನ್ ಹೊರಬಂದರು. ಜ್ಯೂರಿಯ ಮಾತು ಮೀರಿ ಸಾವು ವಿಧಿಸುವ ನ್ಯಾಯಾಧೀಶರ ಅಧಿಕಾರವನ್ನು ಅಲಬಾಮಾ ಕಿತ್ತುಹಾಕಿದ್ದು 2017ರಲ್ಲಿ. ಅದಕ್ಕೂ ಮೊದಲು ಹಾಗೆ ಶಿಕ್ಷೆಯಾದವರಿಗೆ ಆ ಕಾಯಿದೆ ಅನ್ವಯಿಸಲಿಲ್ಲ.