ಬಾನೆಟ್ ಒಳಗಿನ ರಬ್ಬರ್ ಪಟ್ಟಿಗೂ ವಯಸ್ಸಾಗುತ್ತದೆ

ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿ.ಮೀ., ಜೇವರ್ಗಿಗೂ ಹೆಚ್ಚುಕಡಿಮೆ ಅಷ್ಟೇ. ಅಫಜಲಪುರ ಇನ್ನೂ ದೂರ. ಈ ಮೂರು ಊರುಗಳ ನಡುವೆ ಓಡಾಡುವ ಕಾರುಗಳಲ್ಲಿ ಎರಡನೇ, ಮೂರನೇ ಕೈ ದಾಟಿ ಬಂದವು ಬೇಕಾದಷ್ಟಿವೆ. ಮಾರುತಿ 800, ಓಮ್ನಿ, ಹಳೆಯ ಝೆನ್, ಸ್ಯಾಂಟ್ರೊ, ಇಂಡಿಕಾ, ಜೊತೆಗೆ ತೊಗರಿ ಚೀಲ ಹೇರಿಕೊಂಡು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಹೋಗುವ ಟಾಟಾ ಏಸ್. ತಯಾರಿಸಿದ ಕಂಪನಿಗಳು ಬೇರೆ ಬೇರೆಯಾದರೂ ಈ ಎಲ್ಲ ಗಾಡಿಗಳ ಎಂಜಿನ್ ಒಳಗೆ ಒಂದು ವಸ್ತು ಸಾಮಾನ್ಯ. ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ, ಅಂದರೆ ಟೈಮಿಂಗ್ ಬೆಲ್ಟ್.

ಬ್ರೇಕ್ ಸವೆದರೆ ಕಿರುಗುಟ್ಟುತ್ತದೆ. ಕ್ಲಚ್ ಹೋದರೆ ಗಾಡಿ ಏರು ಹತ್ತುವುದಿಲ್ಲ. ಬ್ಯಾಟರಿ ಸೊರಗಿದರೆ ಬೆಳಗ್ಗೆ ಸೆಲ್ಫ್ ಹೊಡೆದಾಗಲೇ ಗೊತ್ತಾಗುತ್ತದೆ. ಟೈಮಿಂಗ್ ಬೆಲ್ಟ್ ಮಾತ್ರ ಬಹಳ ಸಲ ಯಾವ ಸೂಚನೆಯನ್ನೂ ಕೊಡದೆ ಹರಿಯುತ್ತದೆ. ಓಡುತ್ತಿದ್ದ ಗಾಡಿ ಒಮ್ಮೆಗೇ ಸತ್ತುಹೋಗುತ್ತದೆ, ಮತ್ತೆ ಸೆಲ್ಫ್ ಹೊಡೆದರೆ ಎಂಜಿನ್ ಹಗುರಾಗಿ ಸುಮ್ಮನೆ ತಿರುಗುತ್ತದೆ, ಹತ್ತುವುದಿಲ್ಲ. ಆಮೇಲೆ ಗ್ಯಾರೇಜಿನಲ್ಲಿ ಕೇಳಬೇಕಾಗುವ ಮಾತು ಒಂದೇ: "ಬೆಲ್ಟ್ ಕಟ್ ಆಗ್ಯದ್ರಿ, ಹೆಡ್ ಇಳಸಬೇಕಾಗ್ತದ."

ಆ ಮಾತಿನ ಬೆಲೆ ಹತ್ತಾರು ಸಾವಿರ ರೂಪಾಯಿ. ಯಾಕೆ ಅಷ್ಟು ಎಂಬುದು ತಿಳಿಯಬೇಕಾದರೆ ಬೆಲ್ಟ್ ಮಾಡುವ ಕೆಲಸ ನೋಡಬೇಕು. ಎಂಜಿನ್ನಿನ ಕೆಳಗಡೆ ಪಿಸ್ಟನ್‌ಗಳ ಏರಿಳಿತವನ್ನು ಸುತ್ತುವ ಚಲನೆಯಾಗಿ ಬದಲಿಸುವ ಕ್ರ್ಯಾಂಕ್ ಇದೆ. ಮೇಲುಗಡೆ, ಹೆಡ್ ಎನ್ನುವ ಭಾಗದಲ್ಲಿ, ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್ ಇದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಸರಿಯಾಗಿ ಒಂದೇ ಸುತ್ತು ತಿರುಗಬೇಕು. ಈ ಲೆಕ್ಕ ಒಂದು ಹಲ್ಲಿನಷ್ಟೂ ತಪ್ಪದಂತೆ ಕಾಯುವುದೇ ಟೈಮಿಂಗ್ ಬೆಲ್ಟ್. ಅನೇಕ ಎಂಜಿನ್‌ಗಳಲ್ಲಿ ವಾಲ್ವ್ ಕೆಳಗಿಳಿಯುವ ಜಾಗಕ್ಕೇ ಪಿಸ್ಟನ್ ಮೇಲೇರಿ ಬರುತ್ತದೆ. ಎರಡೂ ಬೇರೆ ಬೇರೆ ಹೊತ್ತಿಗೆ ಬರುವುದರಿಂದ ಮುಟ್ಟುವುದಿಲ್ಲ, ಅಷ್ಟೆ. ಬೆಲ್ಟ್ ಹರಿದಾಗ ಕ್ಯಾಮ್ ನಿಂತುಬಿಡುತ್ತದೆ, ಕ್ರ್ಯಾಂಕ್ ಓಟದ ಬಿರುಸಿಗೆ ಇನ್ನೂ ತಿರುಗುತ್ತಿರುತ್ತದೆ. ತೆರೆದು ನಿಂತ ವಾಲ್ವ್‌ಗೆ ಪಿಸ್ಟನ್ ಬಡಿದು ವಾಲ್ವ್ ಬೆಂಡ್ ಆಗುತ್ತದೆ. ಸ್ಯಾಂಟ್ರೊ ಎಂಜಿನ್ ಈ ಬಗೆಯದು. ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ಮತ್ತು ಹೆಡ್ ನಡುವೆ ಜಾಗವೇ ತೀರ ಕಡಿಮೆಯಿರುವುದರಿಂದ ಅಲ್ಲಿ ಪೆಟ್ಟು ತಪ್ಪುವುದು ಅಪರೂಪ.

ಬೆಲ್ಟ್ ಎಷ್ಟು ದುಡಿಯುತ್ತದೆ ಎಂದು ತಿಳಿಯಲು ಒಂದು ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ 2,500 ಸುತ್ತು ಆಯಿತು. 60,000 ಕಿ.ಮೀ.ಗೆ 15 ಕೋಟಿ ಸುತ್ತು. ಅಷ್ಟೂ ಸುತ್ತಿನ ಉದ್ದಕ್ಕೆ ಮಡಚಿ ಬಿಚ್ಚಿಕೊಳ್ಳುತ್ತಲೇ ಇದ್ದ ರಬ್ಬರು ಅದು.

ಹಲ್ಲಿನ ಬೆಲ್ಟ್ ಹುಟ್ಟಿದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕಾಗಿ ಅದನ್ನು ರೂಪಿಸಿದರು. ಸೂಜಿ ಮತ್ತು ಕೆಳಗಿನ ದಾರದ ಚಲನೆ ಜಾರದೆ ಕೂಡಿ ನಡೆಯಬೇಕಿತ್ತು. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪನಿ ತನ್ನ 1004 ಕಾರಿನಲ್ಲಿ ಚೈನಿನ ಬದಲು ಅದನ್ನು ಹಾಕಿತು. ಸದ್ದು ಕಡಿಮೆ, ಎಣ್ಣೆ ಬೇಡ, ಬೆಲೆಯೂ ಅಗ್ಗ. ಮುಂದಿನ ಮೂರು ನಾಲ್ಕು ದಶಕ ಜಗತ್ತಿನ ಎಷ್ಟೋ ಸಣ್ಣ ಕಾರುಗಳು ಇದೇ ದಾರಿ ಹಿಡಿದವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, 1998ರಲ್ಲಿ ಬಂದ ಸ್ಯಾಂಟ್ರೊ ಮತ್ತು ಇಂಡಿಕಾ, 2005ರ ಟಾಟಾ ಏಸ್ ಮತ್ತು ಇನ್ನೋವಾ ಡೀಸೆಲ್, ಆಮೇಲಿನ ಡಸ್ಟರ್ ಡೀಸೆಲ್, ವೆರಿಟೊ ಡೀಸೆಲ್, ಇವೆಲ್ಲ ಬೆಲ್ಟಿನವು. ಸ್ವಿಫ್ಟ್‌ನ 1.3 ಡೀಸೆಲ್ ಎಂಜಿನ್, ಮಾರುತಿಯ ಕೆ-ಸರಣಿಯ ಪೆಟ್ರೋಲ್ ಎಂಜಿನ್‌ಗಳು, ಇನ್ನೋವಾ ಕ್ರಿಸ್ಟಾ ಚೈನಿಗೆ ಮರಳಿದವು. ತಮ್ಮ ಗಾಡಿ ಯಾವ ಪೈಕಿ ಎಂಬ ಅನುಮಾನ ಇದ್ದವರು ಎಂಜಿನ್ನಿನ ಪುಲ್ಲಿ ಇರುವ ಬದಿಗೆ ಕಣ್ಣು ಹಾಯಿಸಲಿ. ಅಲ್ಲಿ ಸಣ್ಣ ಬೋಲ್ಟುಗಳ ಪ್ಲಾಸ್ಟಿಕ್ ಕವರ್ ಇದ್ದರೆ ಬೆಲ್ಟ್, ಎಣ್ಣೆ ಹೊರಬರದಂತೆ ಬಿಗಿದ ಲೋಹದ ಕವರ್ ಇದ್ದರೆ ಸಾಮಾನ್ಯವಾಗಿ ಚೈನ್. ಖಚಿತ ಮಾತು ಗಾಡಿಯ ಕೈಪಿಡಿಯಲ್ಲಿರುತ್ತದೆ.

ಬೆಲ್ಟ್ ಬದಲಿಸುವ ಅವಧಿಯೂ ಅದರಲ್ಲೇ ಇರುತ್ತದೆ. ಹೆಚ್ಚಿನ ಹಳೆಯ ಕಾರುಗಳಿಗೆ ಅದು 60,000ದಿಂದ 1,00,000 ಕಿ.ಮೀ. ನಡುವೆ, ಇಲ್ಲವೇ ಇಷ್ಟು ವರ್ಷ, ಯಾವುದು ಮೊದಲೋ ಅದು. ಈ ವರ್ಷದ ಲೆಕ್ಕವನ್ನೇ ಜನ ಮರೆಯುವುದು. ಗಾಡಿ ಓಡಿದ್ದು ಕಮ್ಮಿ, ಹಬ್ಬಕ್ಕೆ, ಮದುವೆಗೆ, ಹುಣ್ಣಿಮೆಗೆ ದೇವಲ ಗಾಣಗಾಪುರಕ್ಕೆ ಹೊರಡುತ್ತದೆ ಅಷ್ಟೆ, ಬೆಲ್ಟಿಗೇನಾಗುತ್ತದೆ ಎಂದು ಕೇಳುವವರಿದ್ದಾರೆ. ನಿಂತಲ್ಲೇ ನಿಂತರೂ ರಬ್ಬರ್ ಒಣಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಉಷ್ಣಾಂಶ 42 ಡಿಗ್ರಿ ದಾಟುವುದು ಹೊಸದೇನಲ್ಲ. ಬಾನೆಟ್ ಒಳಗಿನ ಕಾವು ಅದಕ್ಕಿಂತ ಎಷ್ಟೋ ಹೆಚ್ಚು. ಕವರ್ ಒಡೆದಿದ್ದರೆ ಎರೆಮಣ್ಣಿನ ಧೂಳು ಒಳಗೆ ಸೇರಿ ಹಲ್ಲು ಸವೆಸುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳಿಗೆ ನುಗ್ಗಿತ್ತಲ್ಲ, ಅಂಥ ನೀರಲ್ಲಿ ನಿಂತ ಗಾಡಿಯ ಬೆಲ್ಟನ್ನು, ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರಿನ ಬೇರಿಂಗನ್ನು ಕಣ್ಣುಮುಚ್ಚಿ ಬದಲಿಸಬೇಕು.

ಇನ್ನೊಂದು ತೊಡಕು ಬರುವುದು ಗಾಡಿ ಕೊಳ್ಳುವಾಗ. "ಬೆಲ್ಟ್ ಹೊಸಾದ್ ಹಾಕ್ಸೀನ್ರಿ" ಎಂದು ಮಾರುವವರು ಹೇಳಿದರೆ ಯಾವ ಬೆಲ್ಟ್ ಎಂದು ತಿರುಗಿ ಕೇಳಬೇಕು. ಹೊರಗೆ ಕಾಣುವ, ಸಡಿಲಾದರೆ ಕೀಚಲು ದನಿ ಮಾಡುವ ಫ್ಯಾನ್ ಬೆಲ್ಟ್ ಬೇರೆ, ಕವರಿನ ಒಳಗಿನ ಟೈಮಿಂಗ್ ಬೆಲ್ಟ್ ಬೇರೆ. ಇನ್ನೋವಾ ಡೀಸೆಲ್‌ನಲ್ಲಿ ಬೆಲ್ಟಿನ ಅವಧಿ ಮುಗಿದಾಗ ಮೀಟರಿನಲ್ಲಿ ಒಂದು ದೀಪ ಹತ್ತುತ್ತದೆ. ಆದರೆ ಬೆಲ್ಟ್ ಹಾಕದೆಯೂ ಆ ದೀಪ ಆರಿಸಬಹುದು. ಬಿಲ್ ತೋರಿಸದಿದ್ದರೆ ಬೆಲ್ಟ್ ಹಳೆಯದೇ ಎಂದು ತಿಳಿದುಕೊಳ್ಳುವುದು ಕ್ಷೇಮ.

ಮನೆಯಂಗಳದಲ್ಲೇ ಇದನ್ನು ಮಾಡಿಕೊಳ್ಳಬಹುದೇ? ಹಳೆಯ, ಸರಳ ಪೆಟ್ರೋಲ್ ಗಾಡಿಯಾದರೆ, ಪಾನಾ ಹಿಡಿದು ಅಭ್ಯಾಸವಿದ್ದರೆ ಮಾಡಬಹುದು. ಡೀಸೆಲ್ ಆದರೆ ಬೇಡ. ಇಂಡಿಕಾದಂಥ ಹಳೆಯ ಡೀಸೆಲ್‌ಗಳಲ್ಲಿ ಅದೇ ಬೆಲ್ಟ್ ಡೀಸೆಲ್ ಪಂಪನ್ನೂ ತಿರುಗಿಸುತ್ತದೆ, ಹಾಗಾಗಿ ಕ್ರ್ಯಾಂಕ್ ಮತ್ತು ಕ್ಯಾಮ್ ಜೊತೆಗೆ ಪಂಪಿನ ಜೋಡಣೆಯ ಗುರುತೂ ಕೂಡಬೇಕು. ಡಸ್ಟರ್, ವೆರಿಟೊಗಳ 1.5 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಕ್ರ್ಯಾಂಕ್, ಕ್ಯಾಮ್ ಅಲುಗದಂತೆ ಹಿಡಿಯಲು ವಿಶೇಷ ಪಿನ್ನುಗಳು ಬೇಕು, ವಾಟರ್ ಪಂಪ್ ಕೂಡ ಅದೇ ಬೆಲ್ಟಿಗೆ ಸಿಕ್ಕಿಕೊಂಡಿದೆ. ಅಂಥವಕ್ಕೆ ಕಲಬುರಗಿಯ ಗ್ಯಾರೇಜಿಗೆ ಹೋಗುವ ಖರ್ಚು ವ್ಯರ್ಥವಲ್ಲ.

ಪೆಟ್ರೋಲ್ ಗಾಡಿಯ ಮಾತಿಗೆ ಬಂದರೆ, ಉಳಿತಾಯ ಆಗಬೇಕಾದದ್ದು ಕೂಲಿಯಲ್ಲಿ, ಸಾಮಾನಿನಲ್ಲಲ್ಲ. ಬೆಲ್ಟ್ ಜೊತೆಗೆ ಟೆನ್ಷನರ್, ಬೆಲ್ಟಿನ ದಾರಿ ತಿರುಗಿಸುವ ಐಡ್ಲರ್ ಇದ್ದರೆ ಅದೂ, ಕ್ರ್ಯಾಂಕ್ ಮತ್ತು ಕ್ಯಾಮ್‌ನ ಆಯಿಲ್ ಸೀಲುಗಳು, ಇಷ್ಟನ್ನೂ ಒಂದೇ ಸಲ ತರಬೇಕು. ನೂರಿನ್ನೂರು ರೂಪಾಯಿಯ ಸೀಲ್ ಬಿಟ್ಟು ಆಮೇಲೆ ಎಣ್ಣೆ ಸೋರಿದರೆ ಹೊಸ ಬೆಲ್ಟ್ ಉಬ್ಬಿ ಕೆಡುತ್ತದೆ, ಎಲ್ಲವನ್ನೂ ಮತ್ತೆ ಬಿಚ್ಚಬೇಕು. ಡೂಪ್ಲಿಕೇಟ್ ಬೆಲ್ಟ್ ಕೈಯಲ್ಲಿ ಹಿಡಿದಾಗ ಒರಿಜಿನಲ್‌ನಂತೆಯೇ ಕಾಣುತ್ತದೆ. ವ್ಯತ್ಯಾಸ ಇರುವುದು ಒಳಗಿನ ಗಾಜಿನ ನಾರಿನ ಹುರಿಯಲ್ಲಿ. ಕಂಪನಿ ಪಾರ್ಟ್ಸ್ ಅಂಗಡಿಯಲ್ಲೋ ಹೆಸರಾಂತ ಬೆಲ್ಟ್ ಕಂಪನಿಯ ಡೀಲರ್ ಹತ್ತಿರವೋ ಬಿಲ್ ಹಾಕಿಸಿ ಕೊಳ್ಳುವುದೇ ಸರಿ. ತಂದ ಬೆಲ್ಟನ್ನು ಮಡಚಬಾರದು, ತಿರುಚಬಾರದು. ಆ ನಾರು ಮುರಿದದ್ದು ಹೊರಗೆ ಕಾಣುವುದಿಲ್ಲ.

ಗಾಡಿ ನಿಲ್ಲಿಸುವ ನೆಲವನ್ನೂ ನೋಡಬೇಕು. ಎರೆ ನೆಲದಲ್ಲಿ ಜಾಕ್ ಕೂರುವುದಿಲ್ಲ, ಭಾರ ಬೀಳುತ್ತಿದ್ದಂತೆ ಹೂತು ವಾಲುತ್ತದೆ. ಅಂಗಳದ ಶಹಾಬಾದ್ ಫರಸಿಯ ಮೇಲೆ ನೇರವಾಗಿ ಇಟ್ಟರೆ ಕಲ್ಲು ಸೀಳಬಹುದು. ಗಟ್ಟಿ ನೆಲ ಆರಿಸಿ, ಜಾಕ್ ಕೆಳಗೆ ದಪ್ಪ ಹಲಗೆ ಇಟ್ಟು, ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಲೇಬೇಕು. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗುವುದು ಜೀವಕ್ಕೆ ಅಪಾಯ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ ಕೆಲಸ ಶುರು ಮಾಡಬೇಕು. ಬೆಲ್ಟ್ ಇರುವ ಬದಿಯ ಮುಂದಿನ ಚಕ್ರ, ಫ್ಯಾನ್ ಬೆಲ್ಟ್ ಬಿಚ್ಚಿದರೆ ಕೆಳಗಿನ ಪುಲ್ಲಿ ಕೈಗೆ ಸಿಗುತ್ತದೆ. ಕೆಲವು ಗಾಡಿಗಳಲ್ಲಿ ಎಂಜಿನ್ ಮೌಂಟಿಂಗ್ ಕೂಡ ತೆಗೆಯಬೇಕಾಗುತ್ತದೆ. ಆಗ ಎಂಜಿನ್ ಅಡಿಗೆ ಮರದ ತುಂಡು ಇಟ್ಟು ಇನ್ನೊಂದು ಜಾಕ್ ಆಸರೆ ಕೊಡಬೇಕು. ಪುಲ್ಲಿಯ ಬೋಲ್ಟ್ ಜಗ್ಗದೆ ಹಠ ಹಿಡಿಯುತ್ತದೆ. ಗೋಟಿ ಪಾನಾಕ್ಕೆ ಉದ್ದ ಪೈಪ್ ಹಾಕಿ ನಿಧಾನವಾಗಿ ಒತ್ತಬೇಕು. ಪಾನಾ ನೆಲಕ್ಕೆ ಆನಿಸಿ ಸೆಲ್ಫ್ ಹೊಡೆದು ಬೋಲ್ಟ್ ಬಿಡಿಸುವ ರೂಢಿಯೂ ಇದೆ. ಅದರಲ್ಲಿ ಕೈ ಮುರಿಯುವ ಸಂಭವ ಇರುವುದರಿಂದ ಆ ದಾರಿ ಹಿಡಿಯಬಾರದು.

ಕವರ್ ತೆಗೆದರೆ ನಿಜವಾದ ಕೆಲಸ ಎದುರಿಗೆ ಬರುತ್ತದೆ. ಕ್ಯಾಮ್ ಪುಲ್ಲಿಯ ಮೇಲೆ ಒಂದು ಸಣ್ಣ ಗುರುತು, ಅದರ ಹಿಂದೆ ಎಂಜಿನ್ ಮೈಮೇಲೆ ಇನ್ನೊಂದು. ಕ್ರ್ಯಾಂಕಿನ ಹತ್ತಿರವೂ ಹಾಗೆಯೇ ಒಂದು ಜೋಡಿ. ಕ್ರ್ಯಾಂಕನ್ನು ಅದರ ಓಟದ ದಿಕ್ಕಿಗೇ ಕೈಯಿಂದ ತಿರುಗಿಸುತ್ತ ಎರಡೂ ಜೋಡಿ ಒಟ್ಟಿಗೆ ಎದುರುಬದುರು ಬರುವಂತೆ ನಿಲ್ಲಿಸಬೇಕು. ಹಳೆಯ ಬೆಲ್ಟ್ ತೆಗೆಯುವ ಮೊದಲು ಗುರುತುಗಳ ಮೇಲೆ ಬಿಳಿ ಬಣ್ಣದ ಚುಕ್ಕೆ ಇಟ್ಟು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟರೆ ಆಮೇಲೆ ಗೊಂದಲ ಇರುವುದಿಲ್ಲ. ಬೆಲ್ಟ್ ಹೊರಗೆ ಬಂದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಅಲುಗಿಸಬಾರದು. ಟೆನ್ಷನರನ್ನು ಬೆರಳಿನಿಂದ ತಿರುಗಿಸಿದಾಗ ಗರಗರ ಎಂದರೆ ಅದರ ಆಯಸ್ಸು ಮುಗಿದಿದೆ.

ಹೊಸ ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ಎಂಜಿನ್ ತಿರುಗುವ ದಿಕ್ಕಿಗಿರಬೇಕು. ಕ್ರ್ಯಾಂಕಿನಿಂದ ಶುರುಮಾಡಿ, ಟೆನ್ಷನರ್ ಇಲ್ಲದ ಬದಿಯಲ್ಲಿ ಬಿಗಿಯಾಗಿ ಎಳೆದುಕೊಂಡು ಕ್ಯಾಮಿಗೆ ಕೂರಿಸಿ, ಉಳಿದ ಸಡಿಲವನ್ನು ಟೆನ್ಷನರಿಗೆ ಬಿಡಬೇಕು. ಸ್ಕ್ರೂ ಡ್ರೈವರ್ ಹಾಕಿ ಮೀಟಿ ಕೂರಿಸಬಾರದು.

ಮುಂದಿನ ಹೆಜ್ಜೆಯನ್ನು ಅವಸರದಲ್ಲಿ ಬಿಡುವವರೇ ಕೈ ಸುಟ್ಟುಕೊಳ್ಳುವುದು. ಸೆಲ್ಫ್ ಹೊಡೆಯುವ ಮುಂಚೆ ಕ್ರ್ಯಾಂಕನ್ನು ಪಾನಾದಿಂದ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಅಷ್ಟಾದಾಗ ಕ್ಯಾಮ್ ಒಂದು ಸುತ್ತು ಮುಗಿಸಿ ಗುರುತುಗಳು ಮತ್ತೆ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಒತ್ತಬಾರದು. ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು. ಗುರುತು ಒಂದೇ ಹಲ್ಲು ಆಚೀಚೆಯಾದರೂ ಬೆಲ್ಟ್ ತೆಗೆದು ಮೊದಲಿನಿಂದ ಹಾಕಬೇಕು. ಕೈಯಿಂದ ತಿರುಗಿಸುವಾಗ ಸಿಕ್ಕ ತಪ್ಪಿಗೆ ಖರ್ಚಿಲ್ಲ, ಸೆಲ್ಫ್ ಹೊಡೆದ ಮೇಲೆ ಸಿಕ್ಕರೆ ಹೆಡ್ ಇಳಿಸುವ ಖರ್ಚು. ಕೊನೆಗೆ ಬೋಲ್ಟುಗಳನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು, ಅದಕ್ಕೆ ಟಾರ್ಕ್ ಪಾನಾ ಬೇಕು. ಒಂದು ಕೆಲಸಕ್ಕಾಗಿ ಅದನ್ನು ಕೊಳ್ಳುವುದಕ್ಕಿಂತ ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತರುವುದು ಜಾಣತನ.

ಮೊದಲ ಸಲ ಮಾಡುವವರಿಗೆ ಇದು ಇಡೀ ದಿನದ ಕೆಲಸ. ಊರಿನಲ್ಲಿ ಐಟಿಐನ ಮೋಟಾರ್ ಮೆಕ್ಯಾನಿಕ್ ಕೋರ್ಸ್ ಮುಗಿಸಿದ ಹುಡುಗರು ಇದ್ದರೆ ಜೊತೆಗೆ ಕರೆದುಕೊಳ್ಳಬಹುದು. ಗುರುತು ಕೂಡಿದೆಯೇ ಎಂದು ನೋಡಲು ಎರಡನೇ ಜೋಡಿ ಕಣ್ಣು ಬೇಕೇ ಬೇಕು. ಅಥವಾ ಸಾಮಾನು ತಾವೇ ತಂದುಕೊಟ್ಟು ಊರಿನ ಮಿಸ್ತ್ರಿಯ ಕೈಯಲ್ಲಿ ಹಾಕಿಸಬಹುದು. ಹಾಗೆ ಮಾಡಿದರೂ ಒರಿಜಿನಲ್ ಬೆಲ್ಟ್ ಹಾಕಿದ್ದು ಖಾತ್ರಿಯಾಗುತ್ತದೆ, ಪಕ್ಕದಲ್ಲೇ ನಿಂತು ಆ ಎರಡು ಸುತ್ತು ತಿರುಗಿಸಿದ್ದನ್ನು ನೋಡಿದಂತಾಗುತ್ತದೆ.

ಗ್ಯಾರೇಜಿನವರಲ್ಲಿ, ಗಾಡಿ ಮಾರುವವರಲ್ಲಿ ಒಂದು ಬಿನ್ನಹ. ಟೈಮಿಂಗ್ ಬೆಲ್ಟ್ ಹಾಕಿದ ದಿನವೇ ಒಂದು ಚೀಟಿಯಲ್ಲಿ ತಾರೀಖು ಮತ್ತು ಮೀಟರಿನ ಕಿಲೋಮೀಟರ್ ಬರೆದು ಬಾನೆಟ್ಟಿನ ಒಳಮೈಗೆ ಅಂಟಿಸಿ. ಗಾಡಿ ಆಳಂದದಿಂದ ಜೇವರ್ಗಿಗೆ, ಜೇವರ್ಗಿಯಿಂದ ಅಫಜಲಪುರಕ್ಕೆ ಕೈ ಬದಲಾದರೂ ಮುಂದಿನ ಬೆಲ್ಟ್ ಯಾವಾಗ ಹಾಕಬೇಕು ಎಂಬುದು ಕೊಂಡವರಿಗೆ ಆ ಚೀಟಿ ನೋಡಿದರೆ ತಿಳಿಯುತ್ತದೆ.