ಗ್ರೇಡ್ ಕೊಟ್ಟ ಗಣಕ: ಹೊಣೆ ಯಾರದು?

ಪರೀಕ್ಷೆಯನ್ನೇ ನಡೆಸದೆ ಗ್ರೇಡ್ ಕೊಡಬಹುದೆ? ಕೋವಿಡ್ ಕಾರಣದಿಂದ 2020ರಲ್ಲಿ ಇಂಗ್ಲೆಂಡಿನ ಎ-ಲೆವೆಲ್ (ನಮ್ಮ ದ್ವಿತೀಯ ಪಿಯುಸಿಗೆ ಸಮಾನ) ಪರೀಕ್ಷೆಗಳು ರದ್ದಾದಾಗ ಈ ಕೆಲಸವನ್ನು ಗಣಕಸೂತ್ರವೊಂದಕ್ಕೆ ವಹಿಸಲಾಯಿತು. ಶಿಕ್ಷಕರು ಅಂದಾಜು ಗ್ರೇಡುಗಳನ್ನೂ ವಿದ್ಯಾರ್ಥಿಗಳ ಅರ್ಹತಾಕ್ರಮವನ್ನೂ ಕಳುಹಿಸಿದರು. ದೊಡ್ಡ ತರಗತಿಗಳಲ್ಲಿ ಸೂತ್ರವು ಅರ್ಹತಾಕ್ರಮವನ್ನಷ್ಟೇ ಉಳಿಸಿಕೊಂಡಿತು. ಯಾವ ಗ್ರೇಡ್ ಎಷ್ಟು ಮಂದಿಗೆ ಎಂಬುದನ್ನು ಬಹುಮಟ್ಟಿಗೆ ಆ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶ ನಿರ್ಧರಿಸಿತು.

ಇಲ್ಲಿನ ದೋಷ ನಿಮಗೆ ಅಪರಿಚಿತವಲ್ಲ. ಉಷ್ಣತೆ ತಿಳಿದರೆ ಅನಿಲದ ಅಣುಗಳ ವೇಗವಿತರಣೆಯನ್ನು ಹೇಳಬಹುದು. ನಿರ್ದಿಷ್ಟ ಅಣುವೊಂದರ ವೇಗವನ್ನಲ್ಲ. ಅಣುವಿಗೇನೋ ಅದರಿಂದ ನಷ್ಟವಿಲ್ಲ. ಸಾಧಾರಣ ಫಲಿತಾಂಶದ ಶಾಲೆಯಲ್ಲಿ ಓದಿದ ಪ್ರತಿಭಾವಂತೆಗೆ ವೈದ್ಯಕೀಯ ಸೀಟೇ ಕೈತಪ್ಪಬಹುದು.

ಶಿಕ್ಷಕರು ಕೊಟ್ಟ ಗ್ರೇಡುಗಳ ಪೈಕಿ ಸುಮಾರು ಶೇಕಡಾ 39 ಕೆಳಗಿಳಿದವು. ಸೂತ್ರದ ಪೂರ್ಣ ವಿವರಗಳನ್ನು ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್ ಪ್ರಕಟಿಸಿದ್ದು ಫಲಿತಾಂಶದ ದಿನವೇ, ಆಗಸ್ಟ್ 13ರಂದು. ಮೇಲ್ಮನವಿಯನ್ನು ವಿದ್ಯಾರ್ಥಿ ನೇರವಾಗಿ ಸಲ್ಲಿಸುವಂತಿರಲಿಲ್ಲ. ಮಕ್ಕಳು ಬೀದಿಗಿಳಿದರು, 17ರಂದು ಸೂತ್ರವನ್ನು ಕೈಬಿಡಲಾಯಿತು.

ಗಮನಿಸಿ, ಅದು ಬರೀ ಸಂಖ್ಯಾಶಾಸ್ತ್ರ. ಪ್ರತಿ ಹಂತವನ್ನೂ ಕಾಗದದ ಮೇಲೆ ಬರೆದು ಪರಿಶೀಲಿಸಬಹುದಿತ್ತು. ಕೋಟ್ಯಂತರ ಗುಣಾಂಕಗಳನ್ನು ದತ್ತಾಂಶದಿಂದ ತಾನೇ ಹೊಂದಿಸಿಕೊಳ್ಳುವ ಕೃತಕ ಬುದ್ಧಿಮತ್ತೆಯಲ್ಲಿ ಆ ಅನುಕೂಲವೂ ಇಲ್ಲ. ಐರೋಪ್ಯ ಒಕ್ಕೂಟದ 2024ರ ಕಾಯಿದೆಯು ಕಲಿಕೆಯನ್ನು ಅಳೆಯುವ ಇಂಥ ವ್ಯವಸ್ಥೆಗಳನ್ನು ಹೆಚ್ಚು ಅಪಾಯದ ವರ್ಗದಲ್ಲಿಟ್ಟು, ಅವುಗಳ ಮೇಲೆ ಮನುಷ್ಯರ ಮೇಲ್ವಿಚಾರಣೆ ಇರಬೇಕೆನ್ನುತ್ತದೆ.