ಹಲಸಿನ ಸಸಿ ಯಾಕೆ ಬದುಕಲಿಲ್ಲ?

ಹೋದ ವರ್ಷ ಜೂನ್‌ನಲ್ಲಿ ನಾವೆಲ್ಲ ಸೇರಿ ಕಾಲೇಜಿನ ಹಿಂದಿನ ಗುಡ್ಡದ ಮೇಲೆ 120 ಸಸಿ ನೆಟ್ಟೆವು. ಹಲಸು, ಮಾವು, ನೇರಳೆ, ಹೊಳೆಮತ್ತಿ. ಗುಂಡಿ ತೋಡಿದ್ದಕ್ಕಿಂತ ಫೋಟೋ ತೆಗೆದದ್ದೇ ಜಾಸ್ತಿ ಅಂತ ಒಪ್ಪಿಕೊಳ್ತೇವೆ. ಆದರೂ ವಾರಕ್ಕೊಮ್ಮೆ ಕ್ಯಾನಿನಲ್ಲಿ ನೀರು ಹೊತ್ತಿದ್ದೆವು. ಈ ಮಾರ್ಚ್‌ನಲ್ಲಿ ಹೋಗಿ ಎಣಿಸಿದರೆ ಉಳಿದಿದ್ದು 9. ಹಲಸು ಒಂದೂ ಇಲ್ಲ.

ಅಲ್ಲೇ ಕುರಿ ಮೇಯಿಸ್ತಿದ್ದ ಅಜ್ಜ ನಕ್ಕುಬಿಟ್ಟರು. "ಇದು ಹುಲ್ಲು ಬೆಳೆಯೋ ನೆಲ ಕಣ್ರಪ್ಪಾ. ಹಲಸು ಇಲ್ಲೆಲ್ ಬತ್ತೈತೆ?"

ಅಜ್ಜನಿಗೆ ಗೊತ್ತಿದ್ದದ್ದು ನಮಗೆ ಯಾಕೆ ಗೊತ್ತಿರಲಿಲ್ಲ? ಆ ಪ್ರಶ್ನೆಯಿಂದ ಶುರುವಾದ ಓದು ಇದು.

ಮೊದಲು ಮಳೆಯ ಲೆಕ್ಕ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ಪೂರ್ವಕ್ಕಿರೋ ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತೆ, ಏರಿದಂತೆ ತಣ್ಣಗಾಗುತ್ತೆ, ಇದ್ದ ನೀರನ್ನೆಲ್ಲ ಅಲ್ಲೇ ಸುರಿಸುತ್ತೆ. ಆಚೆ ಇಳಿಯುವಾಗ ಅದು ಒಣ ಗಾಳಿ. ಸ್ಕೂಲಲ್ಲಿ ಇದನ್ನ 'ರೈನ್ ಶ್ಯಾಡೋ' ಅಂತ ಬಾಯಿಪಾಠ ಮಾಡಿದ್ದೆವು. ಕನ್ನಡದಲ್ಲಿ 'ಮಳೆನೆರಳು' ಅಂತ ಓದಿದಾಗಲೇ, ಓ, ನಮ್ಮ ಕಾಲೇಜು ಇರೋದೂ ಆ ನೆರಳಲ್ಲೇ ಅಂತ ಹೊಳೆದದ್ದು.

ಅದೇ ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತರೆ ಗಿಡಮರಗಳೂ ಬದಲಾಗ್ತಾ ಹೋಗುತ್ತವೆ. ಆಗುಂಬೆಯದು ನಿತ್ಯಹರಿದ್ವರ್ಣ ಕಾಡು. ಅಲ್ಲಿನ ಎಷ್ಟೋ ಮರಗಳ ಎಲೆಗೆ ಚೂಪು ತುದಿ, ಬಿದ್ದ ನೀರು ಬೇಗ ಜಾರಿಹೋಗಲಿ ಅಂತ. ಶಿವಮೊಗ್ಗ, ಭದ್ರಾವತಿ ಸುತ್ತ ತೇಗ, ಹೊನ್ನೆ, ಮತ್ತಿ: ಬೇಸಿಗೆ ಬಂದರೆ ಎಲೆ ಉದುರಿಸಿ ನೀರು ಉಳಿಸೋ ಮರಗಳು. ಚಿತ್ರದುರ್ಗ ದಾಟುವಷ್ಟರಲ್ಲಿ ಕಮರ, ಜಾಲಿ, ಕಳ್ಳಿ. ಕಮರದ ತಾಯಿಬೇರು ತುಂಬ ಆಳಕ್ಕೆ ಇಳಿಯುತ್ತೆ. ಕಳ್ಳಿ ತನ್ನ ರಂಧ್ರಗಳನ್ನ ರಾತ್ರಿ ತೆರೆದು ಗಾಳಿ ತಗೊಂಡು, ಹಗಲ ಬಿಸಿಲಿಗೆ ಮುಚ್ಚಿಕೊಳ್ಳುತ್ತೆ.

ಹಾಗಾದರೆ ಎಲ್ಲ ಮಳೆಯದ್ದೇ ಆಟವಾ? ಇಲ್ಲ. ಇಲ್ಲಿ ನಮ್ಮ ಎಂಜಿನಿಯರಿಂಗ್ ತಲೆಗೆ ಒಂದು ಹೋಲಿಕೆ ಸಿಕ್ಕಿತು. ಮಳೆ ಚಾರ್ಜರ್ ಇದ್ದ ಹಾಗೆ, ಮಣ್ಣು ಬ್ಯಾಟರಿ ಇದ್ದ ಹಾಗೆ. ಎಷ್ಟು ಸುರಿಯಿತು ಅನ್ನೋದರ ಜೊತೆ ಎಷ್ಟು ದಿನ ಉಳಿಯಿತು ಅನ್ನೋದನ್ನೂ ಕೇಳಬೇಕು.

ಉಡುಪಿ ಕಡೆಯ ಪದವುಗಳನ್ನ ನೋಡಿ. ಮಳೆ ಸುಮಾರು 4,000 ಮಿ.ಮೀ. ಆದರೆ ನೆಲ ಗಟ್ಟಿ ಮುರಕಲ್ಲು, ಮೇಲೆ ಮಣ್ಣಿನ ತೆಳು ಪದರ ಅಷ್ಟೇ. ನೀರು ಹರಿದು ಹೋಗುತ್ತೆ, ಸತ್ವವನ್ನೂ ಕೊಚ್ಚಿಕೊಂಡು ಹೋಗುತ್ತೆ. ಅಲ್ಲಿ ಮರ ಕಡಿಮೆ. ಮಳೆಗಾಲದಲ್ಲಿ ಮಾತ್ರ ಬೆರಳುದ್ದದ ಹೂಗಿಡಗಳು ಎದ್ದು ಬರುತ್ತವೆ. ಅವುಗಳಲ್ಲಿ ಡ್ರಾಸೆರಾ, ಯುಟ್ರಿಕ್ಯುಲೇರಿಯಾದಂಥವು ಸಣ್ಣ ಜೀವಿಗಳನ್ನ ಹಿಡಿದು ತಿನ್ನುತ್ತವೆ. ಮಣ್ಣಲ್ಲಿ ಸಿಗದ ನೈಟ್ರೋಜನ್ ಅವಕ್ಕೆ ಹಾಗೆ ಸಿಗುತ್ತೆ. ಇಲ್ಲಿ ಚಾರ್ಜರ್ ದೊಡ್ಡದು, ಬ್ಯಾಟರಿ ಚಿಕ್ಕದು.

ವಿಜಯಪುರದ ಎರೆಹೊಲದಲ್ಲಿ ಇದರ ಉಲ್ಟಾ. ಮಳೆ ಸುಮಾರು 600 ಮಿ.ಮೀ. ಮಾತ್ರ. ಆದರೆ ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬಿ, ಅದನ್ನ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತೆ. ಮಳೆ ಮುಗಿಯುವ ಹೊತ್ತಿಗೆ ಬಿತ್ತಿದ ಹಿಂಗಾರಿ ಜೋಳ ಚಳಿಗಾಲವಿಡೀ ಆ ತೇವದಲ್ಲೇ ಬೆಳೆಯುತ್ತೆ. ಬೇಸಿಗೆಯಲ್ಲಿ ಅದೇ ಮಣ್ಣು ಕೈ ಹೋಗುವಷ್ಟು ಬಿರುಕು ಬಿಟ್ಟು, ಎಳೆ ಮರಗಳ ಬೇರನ್ನೇ ಹರಿದುಹಾಕುತ್ತೆ. ಅದನ್ನ ತಡೆದುಕೊಳ್ಳೋ ಕರಿಜಾಲಿಯಂಥ ಕೆಲವು ಮರಗಳಷ್ಟೇ ಉಳಿಯೋದು.

ಈಗ ನಮ್ಮ ಗುಡ್ಡಕ್ಕೆ ಬರೋಣ. ಮೊನ್ನೆ ಹಾರೆ ತಗೊಂಡು ಹೋಗಿ ಹತ್ತು ಕಡೆ ಇಳಿಸಿ ನೋಡಿದೆವು. ಏಳು ಕಡೆ ಒಂದು ಗೇಣಿಗೇ ಬಂಡೆ ತಾಗಿತು. ಚಾರ್ಜರೂ ಚಿಕ್ಕದು, ಬ್ಯಾಟರಿಯೂ ಚಿಕ್ಕದು. ಹಲಸಿನ ಬೇರು ಎಲ್ಲಿಗೆ ಹೋಗಬೇಕು? ಹೊಳೆಮತ್ತಿ ಅಂತೂ ಹೆಸರಲ್ಲೇ ಹೊಳೆ ಇಟ್ಟುಕೊಂಡಿರೋ ಮರ. ಅದನ್ನ ಬಂಡೆ ಮೇಲೆ ನೆಟ್ಟಿದ್ದೆವು!

ಹುಲ್ಲಿಗೆ ಮಾತ್ರ ಇದು ಹೇಳಿ ಮಾಡಿಸಿದ ಜಾಗ. ಬಯಲುಸೀಮೆಯ ಹೆಚ್ಚಿನ ಹುಲ್ಲುಗಳು, ನಮ್ಮ ರಾಗಿ, ಜೋಳದ ಹಾಗೆ, ಸಿ4 ಗುಂಪಿಗೆ ಸೇರಿದವು. ಎಲೆಯೊಳಗೆ ಮೊದಲು ಇಂಗಾಲದ ಡೈಆಕ್ಸೈಡನ್ನ ಒಂದೆಡೆ ಕೂಡಿಸಿಕೊಂಡು ಆಮೇಲೆ ಬಳಸುತ್ತವೆ. ಹಾಗಾಗಿ ರಂಧ್ರ ಹೆಚ್ಚು ತೆರೆಯಬೇಕಿಲ್ಲ, ನೀರೂ ಕಡಿಮೆ ಸಾಕು. ಭತ್ತಕ್ಕೆ ಈ ಅನುಕೂಲ ಇಲ್ಲ. ಬೇಸಿಗೆಯಲ್ಲಿ ಹುಲ್ಲಿನ ಮೇಲ್ಭಾಗ ಒಣಗಿದರೂ ಬುಡ ಜೀವ ಹಿಡಿದಿರುತ್ತೆ. ಮೊದಲ ಮಳೆಗೆ ಮತ್ತೆ ಚಿಗುರುತ್ತೆ.

ನಾವು ಆ ಗುಡ್ಡವನ್ನ 'ಬೋಳು' ಅಂದುಕೊಂಡಿದ್ದೇ ತಪ್ಪು. ಹಸಿರು ಅಂದರೆ ಮರ ಅನ್ನೋ ಚಿತ್ರ ತಲೆಯಲ್ಲಿ ಕೂತುಬಿಟ್ಟಿತ್ತು. ನಾವು ತೋಡಿದ 120 ಗುಂಡಿಗಳಲ್ಲಿ ಕಿತ್ತುಹೋದದ್ದು ಅಜ್ಜನ ಕುರಿಗಳ ಮೇವು.

ಈ ಜೂನ್‌ನಲ್ಲಿ ಗುಡ್ಡವನ್ನ ಹುಲ್ಲಿಗೇ ಬಿಡ್ತಿದ್ದೇವೆ. ಹಾರೆ ಎರಡೂವರೆ ಅಡಿ ಇಳಿದ ಮೂರು ಕಡೆ ಮಾತ್ರ ಕಮರ ಹಾಕ್ತೇವೆ. ಹೊಳೆಮತ್ತಿ ಹಾಸ್ಟೆಲ್ ಹಿಂದಿನ ಹಳ್ಳದ ದಂಡೆಗೆ. ಸೆಪ್ಟೆಂಬರ್‌ನಲ್ಲಿ ಗುಡ್ಡದ ಮೇಲೆ ಎಷ್ಟು ಬಗೆಯ ಹುಲ್ಲಿದೆ ಅಂತ ಎಣಿಸೋ ಯೋಚನೆ ಇದೆ. ಹೆಸರು ಹೇಳಿಕೊಡೋಕೆ ಅಜ್ಜ ಒಪ್ಪಿದ್ದಾರೆ. ನೀವೂ ಬನ್ನಿ.